ನೊಣಕ್ಕೂ ಗ್ಯಾಪ್ ಬೇಕು, ನಮಗೆ ಬೇಡ್ವಾ?

ನಮ್ಮೂರು ಹಿರಿಯೂರು ತಾಲ್ಲೂಕಿನ ಧರ್ಮಪುರ. ಮನೆಯಲ್ಲಿ ಬಾಳೆಹಣ್ಣು ಎರಡು ದಿನ ಜಾಸ್ತಿ ಉಳಿದರೆ ಸಾಕು, ಸುತ್ತ ಕೆಂಗಣ್ಣಿನ ಪುಟ್ಟ ನೊಣಗಳ ಸಂತೆ. "ಎಷ್ಟ್ ಓಡ್ಸಿದ್ರೂ ಬರ್ತಾವೆ, ಬುದ್ಧಿ ಇಲ್ದವು" ಅಂತ ಅಜ್ಜಿ ಟವೆಲ್ ಬೀಸ್ತಾಳೆ. ನಾನೂ ಹಾಗೇ ನಂಬಿದ್ದೆ. ಈ ಡ್ರೊಸೊಫಿಲಾ ಬಗ್ಗೆ ಓದಿದ ಮೇಲೆ ನಂಬಿಕೆ ಹೋಯ್ತು. (ಮಾವಿಗೆ ಹುಳ ಬೀಳಿಸೋ ಹಣ್ಣುನೊಣ ಬೇರೆ, ಇದು ಬೇರೆ.)

1974ರಲ್ಲಿ ಅಮೆರಿಕದ ಸೆಮೋರ್ ಬೆಂಜರ್ ಅವರ ಪ್ರಯೋಗಾಲಯದಲ್ಲಿ ಒಂದು ಸರಳ ಪ್ರಯೋಗ ನಡೆಯಿತು. ನೊಣಗಳಿಗೆ ಒಂದು ವಾಸನೆ ಕೊಟ್ಟು ಸಣ್ಣ ಶಾಕ್ ಕೊಟ್ಟರು, ಇನ್ನೊಂದು ವಾಸನೆ ಕೊಟ್ಟು ಸುಮ್ಮನಿದ್ದರು. ಆಮೇಲೆ ನೋಡಿದರೆ ಹಲವು ನೊಣಗಳು ಶಾಕ್ ಕೊಟ್ಟ ವಾಸನೆಯಿಂದ ದೂರ ಸರಿದವು. ಇನ್ನೊಂದು ಗುಂಪಿಗೆ ವಾಸನೆಗಳನ್ನು ಅದಲು ಬದಲು ಮಾಡುತ್ತಾರೆ, ಯಾವ ವಾಸನೆಯ ಮೇಲೂ ಮೊದಲೇ ಇದ್ದ ಇಷ್ಟಾನಿಷ್ಟ ಲೆಕ್ಕ ಕೆಡಿಸಬಾರದಲ್ವಾ? ಅಂದಹಾಗೆ, ಬೆಂಜರ್ ಮೂಲತಃ ಭೌತಶಾಸ್ತ್ರದವರು. 1976ರಲ್ಲಿ ಅದೇ ಗುಂಪು ಪಾಠ ಕಲಿಯದ ನೊಣವೊಂದನ್ನು ವರದಿ ಮಾಡಿತು. ಅದಕ್ಕೆ ವಾಸನೆಯೂ ಗೊತ್ತಾಗುತ್ತೆ, ಶಾಕೂ ತಾಗುತ್ತೆ, ಎರಡನ್ನೂ ಜೋಡಿಸೋದು ಮಾತ್ರ ಬರಲ್ಲ. ಅದಕ್ಕಿಟ್ಟ ಹೆಸರು 'ಡನ್ಸ್', ಅಂದರೆ ದಡ್ಡ!

ನನಗೆ ನಿಜವಾಗಿ ಶಾಕ್ ಕೊಟ್ಟಿದ್ದು 1994ರ ಪ್ರಯೋಗ. ಒಂದು ಗುಂಪಿಗೆ ಹತ್ತು ಪಾಠ ಬಿಡುವಿಲ್ಲದೆ, ಇನ್ನೊಂದಕ್ಕೆ ಅದೇ ಹತ್ತು ಪಾಠ 15 ನಿಮಿಷದ ಬಿಡುವು ಕೊಟ್ಟು. ಬಿಡುವು ಸಿಕ್ಕ ನೊಣಗಳು ವಾರ ಕಳೆದರೂ ನೆನಪಿಟ್ಟುಕೊಂಡವು. ಒಂದೇ ಸಮ ಕಲಿತವು ನಾಲ್ಕೈದು ದಿನದಲ್ಲೇ ಮರೆತವು. ಪಾಠ ಅಷ್ಟೇ, ಮೇಷ್ಟ್ರೂ ಅವರೇ. ಬದಲಾಗಿದ್ದು ಗ್ಯಾಪ್ ಮಾತ್ರ.

ಈಗ ನಮ್ಮ ಹಾಸ್ಟೆಲ್ ನೆನಪಿಸಿಕೊಳ್ಳಿ. ಎಕ್ಸಾಮ್ ಹಿಂದಿನ ರಾತ್ರಿ, ಮೂರು ಚಹಾ, ಐದು ಮಾಡ್ಯೂಲ್. ಮೂರನೇ ಸೆಮ್‌ನ ಒಂದು ಪೇಪರನ್ನ ನಾನು ಹೀಗೇ ಪಾಸ್ ಮಾಡಿದೆ. ಮುಂದಿನ ಸೆಮ್‌ನಲ್ಲಿ ಅದೇ ವಿಷಯದ ಮೇಲೆ ಪಾಠ ಶುರುವಾದಾಗ ತಲೆಯಲ್ಲಿ ಬೋರ್ಡ್ ಒರೆಸಿದಂಗಿತ್ತು. ಮಾರ್ಕ್ಸ್ ಕಾರ್ಡಲ್ಲಿದೆ, ತಲೇಲಿಲ್ಲ.

"ನೊಣಕ್ಕೂ ಮನುಷ್ಯನಿಗೂ ಹೋಲಿಕೆನಾ ಗುರು?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ನೊಣದ ಮಿದುಳಲ್ಲಿ ಸುಮಾರು 1.4 ಲಕ್ಷ ನರಕೋಶ, ನಮ್ಮದರಲ್ಲಿ ಸುಮಾರು 8,600 ಕೋಟಿ. ಆದರೆ ಬಿಡುವು ಕೊಟ್ಟು ಓದಿದರೆ ನೆನಪು ಉಳಿಯುತ್ತೆ ಅನ್ನೋದನ್ನ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿದ್ದ. ಇಷ್ಟು ಬೇರೆ ಬೇರೆ ಮಿದುಳುಗಳಲ್ಲೂ ಒಂದೇ ನಿಯಮ ಕಾಣಿಸಿದರೆ ಅದನ್ನು ತಳ್ಳಿಹಾಕೋದು ಹೇಗೆ?

ಆದ್ದರಿಂದ ನನ್ನ ವಾದ ಎರಡು. ಒಂದು, ಸೆಮ್ ಕೊನೆಗೆ ರಾಶಿ ರಜೆ ಕೊಡೋ ಬದಲು ವಾರಕ್ಕೊಂದು ಹತ್ತು ನಿಮಿಷದ ಪುಟ್ಟ ಟೆಸ್ಟ್ ಇಡಲಿ, ಹಳೇ ಮಾಡ್ಯೂಲ್‌ನ ಪ್ರಶ್ನೆಯೂ ಅದರಲ್ಲಿರಲಿ. ಬೈಕೊಳ್ತೀರಿ, ಗೊತ್ತು. ಎರಡು, ಈ ಪ್ರಯೋಗವನ್ನ ನಾವೇ ಮಾಡಿ ನೋಡೋಣ. ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರೊಸೊಫಿಲಾ ಸಂಗ್ರಹ ಕೇಂದ್ರವೇ ಇದೆ. ಬೆಂಗಳೂರಿನ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ, ಅವರ ಶಿಷ್ಯೆ ವೆರೋನಿಕಾ ರಾಡ್ರಿಗ್ಸ್ ಇದೇ ನೊಣದ ರುಚಿ, ವಾಸನೆಯ ಮೇಲೆ ದುಡಿದವರು. ವಾಸನೆಯ ಜೊತೆ ಶಾಕ್ ಬದಲು ಸಕ್ಕರೆ ಕೊಟ್ಟರೂ ನೊಣ ಕಲಿಯುತ್ತೆ. ಪಾರದರ್ಶಕ ಪೈಪು ಮೆಕ್ಯಾನಿಕಲ್‌ನವರು ಜೋಡಿಸಲಿ, ಎಣಿಸೋಕೆ ಕ್ಯಾಮೆರಾ ಕೋಡ್ ಸಿಎಸ್‌ನವರು ಬರೀಲಿ, ಬಯೋಟೆಕ್‌ನವರು ದಾರಿ ತೋರಿಸಲಿ.

ಈ ಸಲ ಊರಿಗೆ ಹೋದಾಗ ಅಜ್ಜಿಗೆ ಹೇಳಬೇಕು: ನೊಣ ದಡ್ಡ ಅಲ್ಲ ಕಣಜ್ಜಿ, ಒಂದೇ ರಾತ್ರಿ ಓದೋ ನಿನ್ನ ಮೊಮ್ಮಗನೇ.