ಬರೀ ಗಾಳಿಯಲ್ಲ

ದೆವ್ವದ ಗಾಳಿಯೊಂದನ್ನು ಬಿಟ್ಟರೆ ಕನ್ನಡದಲ್ಲಿ ಗಾಳಿಗೆ ತೂಕವಿಲ್ಲ. ಗಾಳಿಮಾತು, ಗಾಳಿಸುದ್ದಿ, ಗಾಳಿಗೋಪುರ... ಎಲ್ಲವೂ ಪೊಳ್ಳು. ಏರ್ ರೈಫಲ್ ಕಂಡರೆ ನಮಗೆ ಇಷ್ಟು ಸಲಿಗೆ ಬಂದಿರುವುದು ಇದರಿಂದಲೇ ಇರಬಹುದು. ಪುಣೆಯಲ್ಲಿ ನಮ್ಮ ಎದುರು ಕಟ್ಟಡದ ಬಾಲ್ಕನಿಯಿಂದ ಹುಡುಗನೊಬ್ಬ ಪಾರಿವಾಳಗಳಿಗೆ ಗುರಿಯಿಡುತ್ತಿದ್ದ. ಕೆಳಗೆ ಮಕ್ಕಳು ಆಡುತ್ತಿದ್ದರು. ಅವನ ತಂದೆ ನಮ್ಮ ಕಡೆಯವರೇ. ಹೋಗಿ ಹೇಳಿದರೆ "ಬರೀ ಏರ್ ಗನ್ ರೀ" ಎಂದು ನಕ್ಕರು.

ಆ 'ಬರೀ' ಎನ್ನುವುದಕ್ಕೆ ಇತಿಹಾಸದಲ್ಲಿ ಆಧಾರವಿಲ್ಲ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಗಿರಾರ್ಡೋನಿ ಎಂಬಾತ ರೂಪಿಸಿದ ಗಾಳಿಕೋವಿಯನ್ನು ಬಳಕೆಗೆ ತಂದಿತು. ಹಿಂಬದಿಯ ಹಿಡಿಯೇ ಗಾಳಿಯ ತೊಟ್ಟಿ. ಅದನ್ನು ತುಂಬಲು ಕೈಪಂಪನ್ನು ಸಾವಿರಕ್ಕೂ ಹೆಚ್ಚು ಸಲ ಒತ್ತಬೇಕಿತ್ತು. ಆದರೆ ಒಮ್ಮೆ ತುಂಬಿದರೆ ಸುಮಾರು 20 ಗುಂಡು ಒಂದರ ಹಿಂದೊಂದು, ಹೊಗೆಯಿಲ್ಲದೆ. ಮದ್ದಿನ ಕೋವಿಯವನು ಆಗ ನಿಮಿಷಕ್ಕೆ ಎರಡು ಮೂರು ಗುಂಡು ಹೊಡೆದರೆ ಹೆಚ್ಚು. ಈ ಗಾಳಿಕೋವಿ ಮೂಲೆಗೆ ಸೇರಿದ್ದು ಬಲ ಸಾಲದೆ ಅಲ್ಲ, ರಿಪೇರಿಯ ರಗಳೆಯಿಂದ.

1803ರ ಆಗಸ್ಟ್‌ನಲ್ಲಿ ಅಮೆರಿಕದ ಮೆರಿವೆದರ್ ಲೂಯಿಸ್ ತನ್ನ ದೊಡ್ಡ ಪಯಣದ ಮೊದಲ ದಿನವೇ ಪಿಟ್ಸ್‌ಬರ್ಗ್ ಬಳಿ ಇಂಥದೊಂದು ಗಾಳಿಕೋವಿಯನ್ನು ಜನರಿಗೆ ತೋರಿಸಿದ. ಅದರ ಪರಿಚಯವಿಲ್ಲದ ಒಬ್ಬನ ಕೈಗೆ ಕೊಟ್ಟ. ಅದು ಆಕಸ್ಮಿಕವಾಗಿ ಹಾರಿತು. ಗುಂಡು ಸುಮಾರು 40 ಗಜ ದೂರದಲ್ಲಿದ್ದ ಹೆಂಗಸಿನ ಟೋಪಿ ತೂರಿ ಕಪಾಳದ ಮೇಲ್ಭಾಗವನ್ನು ಸವರಿತು. ರಕ್ತ ಹರಿಯಿತು, ಆಕೆ ಬಿದ್ದಳು, ಸತ್ತಳೆಂದೇ ಎಲ್ಲರೂ ತಿಳಿದರು. ಪುಣ್ಯಕ್ಕೆ ಬದುಕಿದಳು.

ಇಂದಿನ 4.5 ಮಿ.ಮೀ. ಪೆಲೆಟ್ ಅದರ ಮುಂದೆ ಸಣ್ಣದು, ನಿಜ. ಆದರೆ ಅರ್ಧ ಗ್ರಾಮಿನ ಸೀಸ ಸೆಕೆಂಡಿಗೆ 170 ಮೀಟರ್ ಓಡಿದರೆ ಏಳು ಜೂಲ್ ಶಕ್ತಿ, ಅದೂ ಸಾಸಿವೆಗಿಂತ ತುಸು ದೊಡ್ಡ ಜಾಗದ ಮೇಲೆ. ಕಣ್ಣು ಹೋಗಲು ಅಷ್ಟೂ ಬೇಡ. ಜರ್ಮನಿ ಪರವಾನಗಿಯಿಲ್ಲದ ಗಾಳಿಕೋವಿಯನ್ನು 7.5 ಜೂಲ್‌ಗೆ ನಿಲ್ಲಿಸುತ್ತದೆ. ನಮ್ಮ 2016ರ ನಿಯಮ 20 ಜೂಲ್‌ವರೆಗೆ ಬಿಡುತ್ತದೆ. ಅಭಿನವ್ ಬಿಂದ್ರಾ ಒಲಿಂಪಿಕ್ಸ್ ಚಿನ್ನ ಗೆದ್ದ ಆಟದ ಕೋವಿಗೂ ಇಷ್ಟು ಬಲ ಬೇಕಿಲ್ಲ. ಮಿತಿ ಇಳಿಯಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಮನೆಯವರಾದರೂ ಅದನ್ನು ಆಟಿಕೆಯ ಕಪಾಟಿನಿಂದ ತೆಗೆದು ಬೀಗದೊಳಗೆ ಇಡಲಿ.

ಮತ್ತೆ ಹೋಗಿ ಕೇಳಿದೆ: ನಿಮ್ಮ ಮಗನದು ಎಷ್ಟು ಜೂಲ್? ಡಬ್ಬ ಎಲ್ಲೋ ಇದೆ, ನೋಡಿ ಹೇಳುತ್ತೇನೆ ಎಂದರು.