ಮುಚ್ಚಿಟ್ಟ ಭರಣಿಯ ಹಬ್ಬ

ಅಲಿಬಾಗ್ ಸುತ್ತಲಿನ ಕೊಂಕಣದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ‘ಅನಾಶಿ ಢಾಕಾಚಾ ಸಣ್’ ಎಂಬ ಹಬ್ಬವಿತ್ತು. ಅನಸ್ ಎಂದರೆ ಊಟಕ್ಕೆ ನೆಂಚಿಕೊಳ್ಳುವ ಒಂದು ಹುಳಿ ಪದಾರ್ಥ. ಅದನ್ನಿಟ್ಟ ಭರಣಿಯ ಬಾಯಿ ಮುಚ್ಚುವ ಹಬ್ಬ ಎಂದು ಆ ಮರಾಠಿ ಹೆಸರಿನ ಅರ್ಥ. ಅದನ್ನು ಆಚರಿಸುತ್ತಿದ್ದವರು ಬೆನೆ ಇಸ್ರೇಲ್ ಯಹೂದಿಗಳು. ಜಗತ್ತಿನ ಉಳಿದ ಯಹೂದಿಗಳಿಗೆ ಅದು ಪೆಸಾಹ್, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಹಬ್ಬ. ಹೊರಡುವ ಅವಸರದಲ್ಲಿ ಕಲಸಿದ ಹಿಟ್ಟು ಹುದುಗಲು ಸಮಯವಿರಲಿಲ್ಲ. ಹಾಗಾಗಿ ಆ ದಿನಗಳಲ್ಲಿ ಹುದುಗು ಬಂದ ಧಾನ್ಯದ ಪದಾರ್ಥವನ್ನು ತಿನ್ನುವುದಿಲ್ಲ, ಮನೆಯಲ್ಲಿ ಇಡುವುದೂ ಇಲ್ಲ. ಕೊಂಕಣದ ಮನೆಗಳಲ್ಲಿ ಮೋಶೆಯ ಕಥೆ ಮಸುಕಾಗಿ ಹೋಗಿತ್ತು. ಭರಣಿಗೆ ಮುಚ್ಚಳ ಮಾತ್ರ ವರ್ಷವರ್ಷವೂ ಬೀಳುತ್ತಿತ್ತು.

ಈ ಸಮುದಾಯದ ಇತಿಹಾಸವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರೆದಿಟ್ಟವರು ಅದೇ ಸಮುದಾಯದ ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್. ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1937ರಲ್ಲಿ. ಹಳೆಯ ಹಬ್ಬಗಳ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಯೋಮ್ ಕಿಪ್ಪೂರ್, ಅಂದರೆ ಪ್ರಾಯಶ್ಚಿತ್ತದ ದಿನ, ಅಲ್ಲಿ ‘ದಾರಫಾಳ್ಣಿಚಾ ಸಣ್’: ಬಾಗಿಲು ಮುಚ್ಚುವ ಹಬ್ಬ. ಬಿಳಿ ಬಟ್ಟೆ ತೊಟ್ಟು, ಉಪವಾಸವಿದ್ದು, ಬಾಗಿಲು ಹಾಕಿಕೊಂಡು ಮನೆಯೊಳಗೇ ಉಳಿಯುವ ದಿನ. ಜೆರುಸಲೇಮಿನ ದೇವಾಲಯ ನಾಶವಾದ ಶೋಕದ ದಿನ ‘ಬಿರ್ಡ್ಯಾಚಾ ಸಣ್’: ಬಿರ್ಡೆ ತಿನ್ನುವ ಹಬ್ಬ. ಬಿರ್ಡೆ ಎಂದರೆ ಮೊಳಕೆ ಬರಿಸಿ ಸಿಪ್ಪೆ ತೆಗೆದ ಅವರೆ, ನಮ್ಮ ಹಿದಕಿದ ಅವರೆಯ ನೆಂಟ. ಇನ್ನೊಂದು ‘ಖೀರಿಚಾ ಸಣ್’, ಪಾಯಸದ ಹಬ್ಬ.

ಬಿಡುಗಡೆ, ಪ್ರಾಯಶ್ಚಿತ್ತ, ಶೋಕ ಎಂಬ ಯಾವ ದೊಡ್ಡ ಮಾತೂ ಈ ಹೆಸರುಗಳಲ್ಲಿಲ್ಲ. ಭರಣಿ, ಬಾಗಿಲು, ಅವರೆಕಾಳು, ಪಾಯಸ ಇವೆ. ಹಬ್ಬದ ದಿನ ಕೈ ಏನು ಮಾಡುತ್ತದೋ ಅದೇ ಹಬ್ಬದ ಹೆಸರು.

ಹಡಗು ಒಡೆದು ನವ್‌ಗಾಂವ್ ದಂಡೆಗೆ ಬಂದು ಬಿದ್ದ ಏಳು ಜೋಡಿಗಳಿಂದ ಬೆಳೆದವರು ತಾವು ಎಂಬುದು ಆ ಸಮುದಾಯದ ಕಥನ. ಗಾಣದಿಂದ ಎಣ್ಣೆ ತೆಗೆಯುವುದು ಕಸುಬು. ಶನಿವಾರ ಗಾಣ ಕಟ್ಟದ ಕಾರಣ ಅಕ್ಕಪಕ್ಕದವರು ಕರೆಯುತ್ತಿದ್ದದ್ದು ‘ಶನಿವಾರ್ ತೇಲಿ’ ಎಂದು. ಹೀಬ್ರೂ ಮರೆತುಹೋಗಿತ್ತು, ಗ್ರಂಥಗಳಿರಲಿಲ್ಲ, ವ್ಯಾಖ್ಯಾನ ಹೇಳುವ ರಬ್ಬಿಗಳಿರಲಿಲ್ಲ. ಅವರ ಮೊದಲ ಸಿನಗಾಗ್ ಮುಂಬೈಯಲ್ಲಿ ಎದ್ದದ್ದು 1796ರಲ್ಲಿ. ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್, ಮೈಸೂರಿನ ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿ, ಬದುಕಿ ಬಂದ ಹರಕೆಗೆ ಅದನ್ನು ಕಟ್ಟಿಸಿದರು ಎಂದು ಸಮುದಾಯ ಇಂದಿಗೂ ಹೇಳುತ್ತದೆ. ಅಲ್ಲಿಯವರೆಗೆ ಧರ್ಮಕ್ಕೆ ಇದ್ದ ಕಟ್ಟಡವೆಂದರೆ ಮನೆ. ಮನೆಯಲ್ಲೂ ಹೆಚ್ಚಿನದೆಲ್ಲ ನಡೆದದ್ದು ಅಡುಗೆಮನೆಯಲ್ಲಿ.

ಇಂದು ಯಾವ ಹಬ್ಬದ ಮಾತೆತ್ತಿದರೂ ಮೊದಲು ಬರುವ ಪ್ರಶ್ನೆ, ‘ಇದರ ಅಸಲಿ ಅರ್ಥವೇನು?’ ಅರ್ಥ ಗೊತ್ತಿಲ್ಲದ ಆಚರಣೆ ಮೂಢತನ ಎಂಬ ತೀರ್ಪೂ ಹಿಂದೆಯೇ ಬರುತ್ತದೆ. ಹಬ್ಬದ ಬೆಳಿಗ್ಗೆ ಮೊಬೈಲಿಗೆ ಬಂದು ಬೀಳುವ ‘ವೈಜ್ಞಾನಿಕ ಕಾರಣ’ಗಳೂ ಈ ಅಂಜಿಕೆಯ ಮಕ್ಕಳೇ. ಅರ್ಥವೆಂಬುದು ಬೀಜ, ಆಚರಣೆ ಅದರ ಸಿಪ್ಪೆ. ಬೀಜ ಕೈಗೆ ಸಿಕ್ಕಮೇಲೆ ಸಿಪ್ಪೆ ಯಾಕೆ ಎಂಬುದು ಈ ವಾದದ ತರ್ಕ. ಕೊಂಕಣದ ಎಣ್ಣೆಗಾಣದವರ ಅನುಭವ ಇದನ್ನು ತಲೆಕೆಳಗು ಮಾಡುತ್ತದೆ. ಅವರ ಕೈಯಲ್ಲಿ ಉಳಿದದ್ದು ಸಿಪ್ಪೆಯೇ. ಅದು ಉಳಿದದ್ದರಿಂದಲೇ ಅವರು ಉಳಿದರು.

ಗ್ರಂಥಗಳನ್ನು ಎಂದೂ ಕೈಬಿಡದ ಯಹೂದಿಗಳ ಹಬ್ಬಗಳೂ ಇದನ್ನು ಅಲ್ಲಗಳೆಯುವುದಿಲ್ಲ. ಪೆಸಾಹ್ ರಾತ್ರಿಯ ಸೇದರ್ ಊಟದಲ್ಲಿ ದಾಸ್ಯವನ್ನು ಬರೀ ವಿವರಿಸಿ ಮುಗಿಸುವುದಿಲ್ಲ. ಕಹಿ ಸೊಪ್ಪನ್ನು ಬಾಯಿಗೆ ಇಡುತ್ತಾರೆ, ಬೇರೊಂದು ತರಕಾರಿಯನ್ನು ಕಣ್ಣೀರಿನ ಗುರುತಾಗಿ ಉಪ್ಪುನೀರಲ್ಲಿ ಅದ್ದಿ ತಿನ್ನುತ್ತಾರೆ. ಸುಕ್ಕೋತ್ ಹಬ್ಬದಲ್ಲಿ ಗಟ್ಟಿ ಮನೆ ಬಿಟ್ಟು, ಸೊಪ್ಪುಸದೆಯ ಮಾಡಿನ ಗುಡಿಸಲಲ್ಲಿ ಕೂತು ಉಣ್ಣುತ್ತಾರೆ. ಅಲೆಮಾರಿ ಪೂರ್ವಿಕರ ಪಾಡು ಅರ್ಥವಾಗಬೇಕಾದರೆ ತಲೆಯ ಮೇಲೆ ಗಾಳಿ ಬೀಸಬೇಕು.

ಇದಕ್ಕೆ ಬಲವಾದ ಒಂದು ಆಕ್ಷೇಪವಿದೆ, ಅದನ್ನು ಜಾರಿಸಿಬಿಡುವಂತಿಲ್ಲ. ಕಾರಣ ಕೇಳದ ಆಚರಣೆ ಬೇಗ ಅಪ್ಪಣೆಯಾಗುತ್ತದೆ. ಅಪ್ಪಣೆ ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ, ಮಕ್ಕಳ ಮೇಲೆ. ಯಹೂದಿ ಸಂಪ್ರದಾಯ ಇದಕ್ಕೆ ಕಂಡುಕೊಂಡ ದಾರಿ ಸೇದರ್‌ನಲ್ಲೇ ಇದೆ. ಮನೆಯ ಅತ್ಯಂತ ಚಿಕ್ಕ ಮಗು ಪ್ರಶ್ನೆ ಕೇಳದೆ ಆ ರಾತ್ರಿಯ ಕಥೆ ಶುರುವಾಗುವುದಿಲ್ಲ: ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಯಾಕೆ ಬೇರೆ? ಪ್ರಶ್ನೆಯೂ ವಿಧಿಯ ಒಂದು ಭಾಗ. ಆದರೆ ಗಮನಿಸಿ, ಮಗು ಕೇಳುವುದು ತಟ್ಟೆ ನೋಡಿ. ರೊಟ್ಟಿ ಯಾಕೆ ಉಬ್ಬಿಲ್ಲ, ಸೊಪ್ಪು ಯಾಕೆ ಕಹಿ ಎಂದು. ತಟ್ಟೆಯೇ ಇಲ್ಲದಿದ್ದರೆ ಮಗು ಏನನ್ನು ಕೇಳೀತು?

ಕೊಂಕಣದಲ್ಲಿ ಆ ಪ್ರಶ್ನೆಗೆ ಉತ್ತರ ಬಹಳ ತಡವಾಗಿ ಬಂತು. ಕೊಚ್ಚಿಯಿಂದ ಬಂದ ಯಹೂದಿ ಗುರುಗಳು, ಕ್ರೈಸ್ತ ಮಿಷನರಿಗಳು ಮರಾಠಿಗೆ ತಂದ ಬೈಬಲ್, ಆಮೇಲೆ ಸಮುದಾಯದವರೇ ಮಾಡಿಕೊಂಡ ಅನುವಾದಗಳು, ಹೀಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಥೆ ಮರಳಿತು. ಪೆಸಾಹ್ ರಾತ್ರಿ ಓದುವ ಹಗ್ಗದಾ ಮರಾಠಿ ಅನುವಾದದೊಂದಿಗೆ 1874ರಲ್ಲಿ ಪುಣೆಯಲ್ಲಿ ಅಚ್ಚಾಯಿತು. ಓದಿದವರಿಗೆ ಮೋಶೆ ಅಪರಿಚಿತನಾಗಿ ಬರಲಿಲ್ಲ. ಅವನು ಬಂದು ಕೂರಲು ಮುಚ್ಚಿಟ್ಟ ಭರಣಿಯ ಪಕ್ಕದಲ್ಲಿ ಜಾಗವಿತ್ತು. ಬಾಗಿಲು ಮುಚ್ಚುವ ಹಬ್ಬದ್ದೂ ಅದೇ ಕಥೆ: ಯೋಮ್ ಕಿಪ್ಪೂರ್ ಸಂಜೆಯ ಕೊನೆಯ ಪ್ರಾರ್ಥನೆಯ ಹೀಬ್ರೂ ಹೆಸರು ‘ನೆಯೀಲಾ’, ಮುಚ್ಚುವುದು ಎಂದೇ ಅದರ ಅರ್ಥ.

ಮುಂಬೈ, ಪುಣೆ, ದೆಹಲಿಯ ಕನ್ನಡ ಮನೆಗಳಲ್ಲಿ ಕನ್ನಡ ಓದಲು ಬಾರದ ಮಕ್ಕಳು ಯುಗಾದಿಯ ದಿನ ಬೇವುಬೆಲ್ಲಕ್ಕೆ ಕೈಯೊಡ್ಡಿ ಮುಖ ಸಿಂಡರಿಸುತ್ತಾರೆ. ಅರ್ಥ ಗೊತ್ತಿಲ್ಲದೆ ತಿಂದು ಏನು ಬಂತು ಎಂದು ದೊಡ್ಡವರು ಕೊರಗುತ್ತಾರೆ. ಹಲವರು ವಿವರಣೆಯ ಭಾಷೆ ಮಗುವಿಗೆ ಬರಲಿ ಎಂದು ಕಾಯುತ್ತ ಬೇವನ್ನೇ ಬಿಟ್ಟುಬಿಟ್ಟಿದ್ದಾರೆ. ವಿವರಣೆ ಮರಾಠಿಯಲ್ಲೋ ಹಿಂದಿಯಲ್ಲೋ ಮುಂದೆ ಸಿಕ್ಕೀತು, ಹುಡುಕಿಕೊಂಡಾದರೂ ಬಂದೀತು. ನಾಲಗೆಗೆ ಕಹಿಯ ನೆನಪೇ ಇಲ್ಲದಿದ್ದರೆ ಬಂದ ವಿವರಣೆ ಯಾವುದರ ಬಗ್ಗೆ ಎಂದು ಆ ಮಗುವಿಗೆ ತಿಳಿಯುವುದಿಲ್ಲ. ಕಹಿ ಯಾಕೆ ಎಂದು ಅದು ಇವತ್ತು ಕೇಳಿದರೆ, ಬಂದಷ್ಟು ಭಾಷೆಯಲ್ಲಿ ಹೇಳಿದರಾಯಿತು. ಬೇವು ಮಾತ್ರ ತಟ್ಟೆಯಲ್ಲಿರಲಿ.