ಬಿಳಿ ಗುಡ್ಡಕ್ಕೆ ಹೇಳೋರು ಕೇಳೋರು ಯಾರು?

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದ ಸುದ್ದಿ ಓದುಗರಿಗೆ ನೆನಪಿದ್ದೀತು. ನಮ್ಮ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ದಿನಗಟ್ಟಲೆ ಹಿಮದಡಿ ಜೀವ ಹಿಡಿದಿದ್ದರು. ಹೊರಗೆ ತೆಗೆದ ಮೇಲೂ ಉಳಿಯಲಿಲ್ಲ. 'ಸದ್ಯ, ನಮ್ಮ ಕಡೆ ಆ ಕಾಟ ಇಲ್ಲ' ಅಂದುಕೊಂಡವರೇ ಹೆಚ್ಚು. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದವರು ಕಿಟಕಿಯಾಚೆ ಒಮ್ಮೆ ನೋಡಲಿ ಸ್ವಾಮಿ.

ಸೈನೈಡ್ ಗುಡ್ಡ ಅನ್ನುತ್ತೇವಲ್ಲ, ಅದು ಗುಡ್ಡವೇ ಅಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಬಿಡಿಸಿಕೊಂಡು, ಮಿಕ್ಕಿದ್ದನ್ನು ಸುರಿದ ರಾಶಿ. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಉಳಿದದ್ದು ಇಂಥ 13 ದಿಬ್ಬ, ಸುಮಾರು 3.3 ಕೋಟಿ ಟನ್ ಪುಡಿ. ಗಾಳಿ ಎದ್ದರೆ ಅದರ ಧೂಳು ಸಾಮಾನಿನ ಮೇಲೆ ಕೂರುವುದನ್ನು ಅಂಗಡಿಯವರಿಗೆ ನಾನು ಹೇಳಬೇಕಿಲ್ಲ. ಮಳೆಗಾಲದ ಕಥೆ ಬೇರೆ. ನೀರು ಹರಿದು ಆಳವಾದ ಕೊರಕಲು ಬೀಳುತ್ತದೆ. ಮೇಲೆ ಗಟ್ಟಿ ಹೆಪ್ಪು, ಕೆಳಗೆ ಪೊಳ್ಳು. ಹಿಮದ್ದೂ ಇದೇ ಚಾಳಿ: ಮೇಲಿನ ಪದರ ಗಟ್ಟಿ, ಅಡಿಯದು ಸಡಿಲ. ಒಬ್ಬ ಮನುಷ್ಯನ ಭಾರವೇ ಸಾಕು, ಜಾರಲು. ನಮ್ಮ ಹುಡುಗರೋ, ಫೋಟೋ ತೆಗೆಸಿಕೊಳ್ಳಲು ಅಂಚಿಗೇ ಹೋಗಿ ನಿಲ್ಲುತ್ತಾರೆ!

1966ರ ಅಕ್ಟೋಬರ್ 21. ಬ್ರಿಟನ್ನಿನ ವೇಲ್ಸ್ ಸೀಮೆಯ ಅಬರ್‌ಫ್ಯಾನ್ ಎಂಬ ಗಣಿ ಊರು. ಮಳೆಗೆ ನೆಂದ ಕಲ್ಲಿದ್ದಲು ಗಣಿಯ ಕಸದ ರಾಶಿ ಜಾರಿ ಶಾಲೆಯ ಮೇಲೇ ಬಂತು. ಸತ್ತವರು 144 ಮಂದಿ, ಅದರಲ್ಲಿ 116 ಮಕ್ಕಳು. ಊರಿನವರು ಮೊದಲೇ ಬರೆದು ತಿಳಿಸಿದ್ದರು, ಕೇಳಿದವರಿಲ್ಲ. ಅಲ್ಲಿನ ರಾಶಿ ಬೆಟ್ಟದ ಮೇಲೆ, ನೀರಿನ ಬುಗ್ಗೆಯ ಮೇಲೇ ಸುರಿದದ್ದು. ನಮ್ಮದೂ ಹಾಗೇ ಬೀಳುತ್ತೆ ಅಂತ ಹೆದರಿಸುತ್ತಿಲ್ಲ.

ಆದರೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ಒಪ್ಪಿಗೆ ಕೊಟ್ಟಿದೆ. ಕೆಲಸ ಬರಲಿ, ನಾಲ್ಕು ಮನೆಯ ಒಲೆ ಉರಿಯಲಿ, ಬೇಡವೆನ್ನುವವರು ಯಾರು? ಯಂತ್ರ ಬಂದು ಬುಡ ಅಗೆದರೆ ತಲೆ ಎತ್ತ ಬೀಳುತ್ತದೆ, ಅದನ್ನು ಮೊದಲು ಹೇಳಲಿ. ಹಿಮದ ಗಡಿಯಲ್ಲಿ ಸೈನಿಕರಿಗೆ ಕುಸಿತದ ಮುನ್ಸೂಚನೆ ಕೊಡಲು ರಕ್ಷಣಾ ಇಲಾಖೆಯಲ್ಲಿ ಒಂದು ಸಂಸ್ಥೆಯೇ ಇದೆ. ಇಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ಬಲ್ಲ ಎಂಜಿನಿಯರ್ ಒಬ್ಬರು 13 ದಿಬ್ಬಗಳನ್ನೂ ಸುತ್ತಿ ನೋಡಲಿ. ಯಾವ ಅಂಚು ಅಪಾಯ ಅಂತ ಕನ್ನಡ, ತಮಿಳು ಎರಡರಲ್ಲೂ ಬರೆಸಿ ರಾಬರ್ಟ್‌ಸನ್‌ಪೇಟೆ ಬಸ್ ನಿಲ್ದಾಣದಲ್ಲಿ ಹಾಕಿಸಲಿ.